ಮಗಳಿಗೊಂದು ಪತ್ರ: ಮೊದಲು ದುರ್ಬೀನು, ಆಮೇಲೆ ಪುಸ್ತಕ

ಕಲಬುರಗಿ

ಪ್ರೀತಿಯ ಮಗಳೇ,

ನೀನು ಕಲಿಸುವ ಶಾಲೆಯ ಹಕ್ಕಿ ಬಳಗಕ್ಕೆ ತರಿಸಬೇಕಾದ ದುರ್ಬೀನು, ಪುಸ್ತಕ, ಸಿನಿಮಾಗಳ ಪಟ್ಟಿ ಕಳಿಸಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ಸುರಪುರ ತಾಲೂಕಿನ ಮಕ್ಕಳಿಗೆ ಬೋನಾಳ ಕೆರೆ ಅಷ್ಟು ಹತ್ತಿರ ಇದೆ. ಅವರ ಕೈಗೆ ಸರಿಯಾದ ಸಾಮಾನು ಸಿಗಲೇಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೆ ಬರೆದು ಕಳಿಸುತ್ತಿದ್ದೇನೆ.

ಪಟ್ಟಿಯ ಮೊದಲ ಸಾಲಿನಲ್ಲಿ 20×50 ದುರ್ಬೀನು ಅಂತ ಇದೆ. ಅದನ್ನು ಹೊಡೆದುಹಾಕಿ 8×42 ಅಂತ ಬರಿ. ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗಲಿ. ಪುಸ್ತಕ ಒಂದೆರಡು ಸಾಕು. ಸಿನಿಮಾಕ್ಕೆ ಖರ್ಚು ಕಡಿಮೆ.

ಮೊದಲ ಅಂಕಿ ಹಕ್ಕಿಯನ್ನು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 20 ಪಟ್ಟು ಹತ್ತಿರ ಬಂದರೆ ಕೈ ನಡುಕವೂ 20 ಪಟ್ಟು ದೊಡ್ಡದಾಗಿ ಕಾಣುತ್ತದೆ. ಏಳನೇ ಕ್ಲಾಸಿನ ಹುಡುಗಿಗೆ ಅದನ್ನು ಕೈಯಲ್ಲಿ ಹಿಡಿದು ಒಂದು ಹಕ್ಕಿಯ ಮೇಲೆ ನಿಲ್ಲಿಸಲು ಆಗುವುದಿಲ್ಲ. ಇನ್ನೊಂದು ಲೆಕ್ಕ ಇದೆ, ಮಕ್ಕಳಿಂದಲೇ ಮಾಡಿಸು. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಬೇಕು. 42ನ್ನು 8ರಿಂದ ಭಾಗಿಸಿದರೆ 5ಕ್ಕಿಂತ ಸ್ವಲ್ಪ ಜಾಸ್ತಿ. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. 20×50ರಲ್ಲಿ ಅದು ಬರೀ ಎರಡೂವರೆ. ನಸುಕಿನಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ, ಎರಡೂವರೆ ಮಿಲಿಮೀಟರ್ ಬೆಳಕು ಅದಕ್ಕೆ ಸಾಲುವುದಿಲ್ಲ. ಹಕ್ಕಿಗಳು ಚುರುಕಾಗಿರುವುದು ಅದೇ ಹೊತ್ತಿನಲ್ಲಿ, ಅಲ್ವಾ?

8 ಪಟ್ಟಿನದರಲ್ಲಿ ನೋಟವೂ ಅಗಲ. ಸಾವಿರ ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ಜಾಗ ಕಾಣುತ್ತದೆ. 10 ಪಟ್ಟಿನದರಲ್ಲಿ 110ರ ಆಸುಪಾಸು. ಹೊಸಬರಿಗೆ ಹಕ್ಕಿಯನ್ನು ಗಾಜಿನೊಳಗೆ ಹುಡುಕುವುದೇ ಕಷ್ಟ. ಅಗಲ ಇದ್ದಷ್ಟೂ ಬೇಗ ಸಿಗುತ್ತದೆ.

ನಮ್ಮ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿ. ಹೊತ್ತು ಏರಿದ ಮೇಲೆ ಎರೆಹೊಲದ ಮೇಲೆ ಬಿಸಿಲ್ಗುದುರೆ ಓಡಲು ಶುರುವಾಗುತ್ತದೆ. ಆಗ ಗಾಜು ಹಕ್ಕಿಯ ಜೊತೆ ಆ ಕುದಿಯುವ ಗಾಳಿಯನ್ನೂ ದೊಡ್ಡದು ಮಾಡುತ್ತದೆ. ಎಷ್ಟೇ ಬೆಲೆಯ ಗಾಜಿದ್ದರೂ ಅಷ್ಟೇ. ಮಂಗಳೂರಿನವರಿಗೋ ಮಡಿಕೇರಿಯವರಿಗೋ 10 ಪಟ್ಟು ಒಗ್ಗಬಹುದು. ಕಲಬುರಗಿ, ಯಾದಗಿರಿಯ ಬಯಲಿಗೆ 8 ಸಾಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಂಗಡಿಗೆ ಹೋದಾಗ ಜೂಮ್ ಇರುವ ದುರ್ಬೀನು ತೋರಿಸುತ್ತಾರೆ, ಕೆಂಪಗೆ ಹೊಳೆಯುವ ಗಾಜಿನದನ್ನೂ ತೋರಿಸುತ್ತಾರೆ. ಎರಡೂ ಬೇಡ. ಆ ಕೆಂಪು ಲೇಪ ಕೆಂಪು ಬೆಳಕನ್ನು ವಾಪಸ್ ಕಳಿಸಿಬಿಡುತ್ತದೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುವುದಿಲ್ಲ. ದುರ್ಬೀನನ್ನು ತೋಳಿನ ದೂರಕ್ಕೆ ಹಿಡಿದು, ಅಂಗಡಿಯ ಬಾಗಿಲ ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜನ್ನು ನೋಡು. ಒಳಗೆ ಬೆಳಕಿನ ಬಿಲ್ಲೆ ಪೂರ್ತಿ ದುಂಡಗಿದ್ದರೆ ಒಳ್ಳೆಯದು. ಅಂಚುಗಳು ಕತ್ತರಿಸಿದಂತೆ ಚೌಕಚೌಕ ಕಂಡರೆ ಒಳಗಿನ ಪಟ್ಟಕ (ಪ್ರಿಸಂ) ಅಗ್ಗದ್ದು. ಡಬ್ಬಿಯ ಮೇಲೆ ಬಾಕ್-4 ಪಟ್ಟಕ (ಒಳ್ಳೆಯ ಜಾತಿಯ ಗಾಜು), ಫುಲ್ಲಿ ಮಲ್ಟಿಕೋಟೆಡ್ (ಎಲ್ಲ ಗಾಜಿಗೂ ಹಲವು ಪದರ ಲೇಪ) ಅಂತ ಇರಲಿ. ನೀರು ಹೋಗದಂತೆ ಬಿಗಿಯಾಗಿ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯುವುದಿಲ್ಲ. ನಿಕಾನ್ ಆಕ್ಯುಲಾನ್ 8×42 ಕಡಿಮೆ ಬೆಲೆಯಲ್ಲಿ ಒಳ್ಳೆಯ ನೋಟ ಕೊಡುತ್ತದೆ, ಆದರೆ ನೀರು ತಡೆಯುವುದಿಲ್ಲ. ಕೆರೆ ದಂಡೆಯಲ್ಲಿ ಮಕ್ಕಳ ಕೈಗೆ ಕೊಡುವುದು ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನ ಮಾಡು.

ಕನ್ನಡಕದವರ ಕಷ್ಟ ನನಗೆ ಗೊತ್ತು. ಐ ರಿಲೀಫ್ ಅಂತ ಬರೆದಿರುತ್ತಾರೆ, ಅಂದರೆ ಕಣ್ಣು ಗಾಜಿನಿಂದ ಎಷ್ಟು ದೂರವಿದ್ದರೂ ಪೂರ್ತಿ ನೋಟ ಕಾಣುತ್ತದೆ ಅನ್ನುವ ಅಳತೆ. ಅದು 15 ಮಿಲಿಮೀಟರ್ ಅಥವಾ ಜಾಸ್ತಿ ಇರಬೇಕು. ಇಲ್ಲವಾದರೆ ಕನ್ನಡಕ ಹಾಕಿದವರಿಗೆ ನಡುವಿನ ತುಣುಕು ಮಾತ್ರ ಕಾಣುತ್ತದೆ. ನಿನ್ನ ಕ್ಲಾಸಿನಲ್ಲೂ ಕನ್ನಡಕದ ಮಕ್ಕಳಿದ್ದಾರಲ್ಲ. ಕಣ್ಣಿಡುವ ರಬ್ಬರಿನ ಬಟ್ಟಲು ತಿರುಗಿಸಿದರೆ ಒಳಗೆ ಹೋಗುವಂತಿರಲಿ. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ: ಮಕ್ಕಳ ಎರಡು ಕಣ್ಣುಗಳ ನಡುವಿನ ಅಂತರ ನಮಗಿಂತ ಕಡಿಮೆ. ದುರ್ಬೀನನ್ನು ಪೂರ್ತಿ ಮಡಿಸಿದಾಗ ಅವರಿಗೆ ಎರಡು ದುಂಡು ಸೇರಿ ಒಂದಾಗಿ ಕಾಣಬೇಕು. ಕೊಳ್ಳಲು ಹೋಗುವಾಗ ಸಾಧ್ಯವಾದರೆ ಒಂದು ಮಗುವನ್ನು ಜೊತೆಗೆ ಕರೆದುಕೊಂಡು ಹೋಗು.

ತಂದ ದಿನವೇ ಮಕ್ಕಳಿಗೆ ಕಣ್ಣಿಗೆ ಹೊಂದಿಸುವುದನ್ನು ಕಲಿಸು. ಬಲಗಣ್ಣಿನ ಗಾಜಿನ ಮುಂದೆ ಕೈ ಅಡ್ಡ ಹಿಡಿದು, ಎಡಗಣ್ಣಿನಲ್ಲಿ ದೂರದ ಬೋರ್ಡಿನ ಅಕ್ಷರ ನೋಡುತ್ತಾ ನಡುವಿನ ಚಕ್ರ ತಿರುಗಿಸಬೇಕು. ಅಕ್ಷರ ಚೊಕ್ಕಟವಾದ ಮೇಲೆ ಕೈ ಎಡಕ್ಕೆ. ಈಗ ಬಲಗಣ್ಣಿನ ಹತ್ತಿರದ ಸಣ್ಣ ಚಕ್ರ ಮಾತ್ರ ತಿರುಗಿಸಬೇಕು, ಅದೇ ಅಕ್ಷರ ಚೊಕ್ಕಟವಾಗುವ ತನಕ. ಇಷ್ಟು ಮಾಡದೆ ಎಷ್ಟೋ ಜನ ವರ್ಷಗಟ್ಟಲೆ ಮಸುಕು ನೋಡುತ್ತಾರೆ, ತಲೆನೋವು ಬಂತು ಅಂತ ಬಿಟ್ಟುಬಿಡುತ್ತಾರೆ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಕೂಡದು, ಕಣ್ಣೇ ಹೋಗುತ್ತದೆ. ಇದನ್ನು ದಿನಾ ಹೇಳು.

ಗಾಜಿನ ಮೇಲೆ ದೂಳು ಕೂತರೆ ಸೆರಗಿನಿಂದಲೋ ದುಪಟ್ಟಾದಿಂದಲೋ ಒರೆಸಬೇಡ. ಎರೆಮಣ್ಣಿನ ದೂಳಿನಲ್ಲಿ ಸಣ್ಣ ಹರಳು ಇರುತ್ತದೆ, ಒರೆಸಿದರೆ ಲೇಪದ ಮೇಲೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಊದುಗದಿಂದ ಊದು, ಮೆತ್ತನೆ ಬ್ರಷ್ ಆಡಿಸು, ಕೊನೆಗೆ ಕನ್ನಡಕದ ಬಟ್ಟೆ.

ಮೊದಲ ದಿನ ಕೆರೆಗೆ ಹೋಗಬೇಡಿ, ಹರಗಿದ ಹೊಲಕ್ಕೆ ಹೋಗಿ. ಬದುವಿನ ಮೇಲೆ ಕೂತು ಹೆಂಟೆಗಳ ನಡುವೆ ನೋಡಿ. ನೆಲಗುಬ್ಬಿ ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಬರಿಗಣ್ಣಿಗೆ ಅದೂ ಒಂದು ಹೆಂಟೆ. ದುರ್ಬೀನಿನಲ್ಲಿ ನೋಡಿದರೆ ಬೂದು ನೆತ್ತಿ, ಬೆಳ್ಳನೆಯ ಕೆನ್ನೆ, ಕಣ್ಣಿನ ಮೇಲೆ ಹಾದುಹೋದ ಕಪ್ಪು ಗೆರೆ, ಎದೆಯಿಂದ ಹೊಟ್ಟೆಯ ತನಕ ಕಾಡಿಗೆ ಬಳಿದಂಥ ಕಪ್ಪು. ಅದು ಗಂಡು. ಪಕ್ಕದಲ್ಲೇ ಹೆಣ್ಣು ಇರುತ್ತದೆ, ಮೈಯೆಲ್ಲ ಮಣ್ಣಿನ ಬಣ್ಣ. ದಿನಾ ಓಡಾಡುವ ಹೊಲದಲ್ಲಿ ಇಂಥದ್ದೊಂದು ಇದೆ ಅಂತ ಗೊತ್ತಾದ ಮಗು ಮತ್ತೆ ಹೊಲವನ್ನು ಸುಮ್ನೆ ದಾಟಿ ಹೋಗುವುದಿಲ್ಲ.

ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನಲ್ಲಿ ದೂರದ ಹಕ್ಕಿ ನೋಡುವ ದೊಡ್ಡ ದುರ್ಬೀನು, ಈ ವರ್ಷ ಬೇಡ. ಬೋನಾಳದಲ್ಲಿ ಅದು ಬೇಕೆನಿಸುತ್ತದೆ, ನಿಜ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನೀರಿನ ನಡುವೆ ದೂರದಲ್ಲಿರುತ್ತದೆ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಎಣಿಸಲು 20 ಪಟ್ಟಿನ ಮೇಲಿನ ಗಾಜೇ ಬೇಕು. ಆದರೆ ಗಟ್ಟಿ ಟ್ರೈಪಾಡ್ ಇಲ್ಲದೆ ಸ್ಕೋಪಿಗೆ ಬೆಲೆಯಿಲ್ಲ. ಎರಡಕ್ಕೂ ಸೇರಿ ಆಗುವ ದುಡ್ಡಿನಲ್ಲಿ ಇನ್ನೊಂದೆರಡು ದುರ್ಬೀನು ಬರುತ್ತವೆ. ಮೂವತ್ತು ಮಕ್ಕಳಿಗೆ ಅದೇ ಮುಖ್ಯ.

ಈಗ ಪುಸ್ತಕ. ಮೊದಲು ತೇಜಸ್ವಿಯವರ ‘ಹಕ್ಕಿಪುಕ್ಕ’ ತಾ. ಮಕ್ಕಳು ತಾವೇ ಓದಿಕೊಳ್ಳುವ ಕನ್ನಡ, ಹಕ್ಕಿಗಳಿಗೆ ಕನ್ನಡದ ಹೆಸರು. ಆದರೆ ಅವರಿದ್ದದ್ದು ಮೂಡಿಗೆರೆಯ ಕಾಡಂಚಿನಲ್ಲಿ, ನಮ್ಮದು ತೊಗರಿ, ಜೋಳದ ಬಯಲು. ಅದಕ್ಕೆ ಜೊತೆಗೊಂದು ಇಂಗ್ಲಿಷ್ ಕೈಪಿಡಿ ಬೇಕಾಗುತ್ತದೆ. ಗ್ರಿಮ್ಮೆಟ್ ಮತ್ತು ಇನ್‌ಸ್ಕಿಪ್ ದಂಪತಿಯ ಭಾರತ ಉಪಖಂಡದ ಹಕ್ಕಿಗಳ ಪುಸ್ತಕ, 2011ರ ಎರಡನೇ ಆವೃತ್ತಿ ನೋಡು. ಫೋಟೋ ಪುಸ್ತಕ ಚೆಂದ ಅಂತ ನೀನು ಬರೆದಿದ್ದೀಯ. ಗುರುತು ಹಿಡಿಯಲು ನಾನು ಚಿತ್ರ ಬರೆದದ್ದನ್ನೇ ಮೆಚ್ಚುತ್ತೇನೆ. ಫೋಟೋದಲ್ಲಿ ಆ ಒಂದು ಹಕ್ಕಿ, ಆ ಒಂದು ಬಿಸಿಲು. ಚಿತ್ರಗಾರ ಗಂಡು, ಹೆಣ್ಣು, ಮರಿ ಎಲ್ಲವನ್ನೂ ಒಂದೇ ಬೆಳಕಿನಲ್ಲಿ ಪಕ್ಕಪಕ್ಕ ನಿಲ್ಲಿಸುತ್ತಾನೆ.

ಹೊಲದ ಮೇಲೆ ತೇಲುತ್ತಾ ಹೋಗುವ ಹ್ಯಾರಿಯರ್ ಗಿಡುಗಗಳನ್ನೇ ನೋಡು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುತ್ತವೆ. ಅವುಗಳಲ್ಲಿ ಪ್ಯಾಲಿಡ್, ಮಾಂಟಗು ಅನ್ನುವ ಎರಡು ಜಾತಿಯ ಗಂಡುಗಳನ್ನು ಬೇರೆ ಮಾಡಬಹುದು. ಮಾಂಟಗು ಗಂಡಿನ ರೆಕ್ಕೆಯ ಮೇಲೆ ಒಂದು ಕಪ್ಪು ಪಟ್ಟಿ ಇರುತ್ತದೆ, ಪ್ಯಾಲಿಡ್ ಗಂಡಿಗೆ ಇರುವುದಿಲ್ಲ. ಹೆಣ್ಣುಗಳು ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ. ಪ್ಯಾಲಿಡ್ ಹೆಣ್ಣಿನ ಕಪ್ಪು ಕೆನ್ನೆಯ ಹಿಂದೆ ಒಂದು ತಿಳಿ ಪಟ್ಟಿ ಕುತ್ತಿಗೆ ಸುತ್ತ ಬರುತ್ತದೆ. ಇದನ್ನು ಫೋಟೋದಿಂದ ಕಲಿಯುವುದು ಬಹಳ ಕಷ್ಟ.

ಹಕ್ಕಿತಜ್ಞ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಮನೆಯಲ್ಲಿದೆ, ಅದನ್ನು ಕೊಳ್ಳಬೇಡ, ನಾನೇ ಕೊಡುತ್ತೇನೆ. 1941ರಲ್ಲಿ ಮೊದಲು ಬಂದದ್ದು. ಅದರಲ್ಲಿ ಹಕ್ಕಿಯ ಗಾತ್ರವನ್ನು ಗುಬ್ಬಿ, ಬುಲ್‌ಬುಲ್, ಮೈನಾ, ಕಾಗೆ ಇವುಗಳಿಗೆ ಹೋಲಿಸಿ ಹೇಳುತ್ತಾರೆ. ಸೆಂಟಿಮೀಟರ್ ಹೇಳಿದರೆ ಮಕ್ಕಳ ಕಣ್ಣಿಗೆ ಏನೂ ಕಟ್ಟುವುದಿಲ್ಲ, ಗುಬ್ಬಿಗಿಂತ ದೊಡ್ಡದು ಮೈನಾಕ್ಕಿಂತ ಸಣ್ಣದು ಅಂದರೆ ಕಟ್ಟುತ್ತದೆ.

ಸಲೀಂ ಅಲಿಯವರಿಗೂ ನಮ್ಮ ಸೀಮೆಗೂ ಇರುವ ನಂಟನ್ನು ಮಕ್ಕಳಿಗೆ ಹೇಳು. 1930ರ ದಶಕದ ಶುರುವಿನಲ್ಲಿ ಅವರು ನಿಜಾಮ್ ಸರ್ಕಾರದ ನೆರವಿನಿಂದ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಕಲಬುರಗಿ, ಬೀದರ್, ಯಾದಗಿರಿ ಆಗ ಅದೇ ಸಂಸ್ಥಾನದಲ್ಲಿದ್ದವು. ಆ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಆ ಪತ್ರಿಕೆಯ ಹಳೆಯ ಸಂಪುಟಗಳನ್ನು ಪುಕ್ಕಟೆ ಓದಬಹುದು. ಒಂದೆರಡು ಪುಟ ಪ್ರಿಂಟ್ ತೆಗೆಸಿ ಕ್ಲಾಸಿನ ಗೋಡೆಗೆ ಅಂಟಿಸು. ಬೆಂಗಳೂರು, ಮೈಸೂರಿನವರಿಗೆ ಮಾತ್ರ ಇಂಥ ಚರಿತ್ರೆ ಇದೆ ಅಂತ ನಮ್ಮ ಮಕ್ಕಳು ತಿಳಿಯಬಾರದು.

ಸಿನಿಮಾ ಪೂರ್ತಿ ತೋರಿಸಬೇಡ. ಹತ್ತು ಹದಿನೈದು ನಿಮಿಷ ತೋರಿಸಿ ಹೊರಗೆ ಕರೆದುಕೊಂಡು ಹೋಗು. ಬಿಬಿಸಿಯ ‘ದಿ ಲೈಫ್ ಆಫ್ ಬರ್ಡ್ಸ್’ 1998ರದ್ದು, ಹತ್ತು ಕಂತು, ಡೇವಿಡ್ ಅಟೆನ್‌ಬರೋ ನಿರೂಪಣೆ. ಅದರಲ್ಲಿ ಆಸ್ಟ್ರೇಲಿಯಾದ ಲೈರ್‌ಬರ್ಡ್ ಕ್ಯಾಮೆರಾದ ಸದ್ದು, ಮರ ಕೊಯ್ಯುವ ಗರಗಸದ ಸದ್ದು ಮಾಡುತ್ತದೆ. ಅದೊಂದು ತುಣುಕಿನಿಂದ ಶುರು ಮಾಡು. ‘ವೈಲ್ಡ್ ಕರ್ನಾಟಕ’ಕ್ಕೆ ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಇದೆ, ಮಕ್ಕಳು ಇಷ್ಟಪಡುತ್ತಾರೆ. ಹೆಚ್ಚಿನ ಪಾಲು ಕಾಡಿನದು ಅನ್ನುವುದೊಂದೇ ನನ್ನ ತಕರಾರು. ವಲಸೆ ಹಕ್ಕಿಗಳ ಸಿನಿಮಾ, 2001ರ ‘ವಿಂಗ್ಡ್ ಮೈಗ್ರೇಶನ್’ ತೋರಿಸಿದರೆ ಒಂದು ಮಾತು ಸೇರಿಸು: ಅಷ್ಟು ಹತ್ತಿರದಿಂದ ಹಾರಾಟ ಹಿಡಿಯಲು ಆ ತಂಡ ಮರಿಗಳನ್ನು ತಾವೇ ಸಾಕಿ, ಪುಟ್ಟ ವಿಮಾನದ ಜೊತೆ ಹಾರಲು ರೂಢಿ ಮಾಡಿಸಿತ್ತು. ತೆರೆಯ ಮೇಲೆ ಕಂಡ ಹಾಗೆ ನಮಗೂ ಹತ್ತಿರ ಹೋಗಲು ಆಗಬೇಕು ಅಂದುಕೊಂಡರೆ ಮಕ್ಕಳು ಗೂಡಿನ ಬಾಯಿಗೇ ಹೋಗಿಬಿಡುತ್ತಾರೆ.

ಒಂಬತ್ತು, ಹತ್ತನೇ ಕ್ಲಾಸಿನವರಿಗೆ ‘ಆಲ್ ದಟ್ ಬ್ರೀದ್ಸ್’ ಪೂರ್ತಿ ತೋರಿಸಬಹುದು. ಶೌನಕ್ ಸೇನ್ ಮಾಡಿದ್ದು, 2022ರದ್ದು. ದೆಹಲಿಯ ಅಣ್ಣತಮ್ಮಂದಿರು ಗಾಯಗೊಂಡ ಹದ್ದುಗಳಿಗೆ ಮನೆಯಲ್ಲೇ ಆರೈಕೆ ಮಾಡುತ್ತಾರೆ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳೂ ಅಲ್ಲಿಗೆ ಬರುತ್ತವೆ. ಮಾತು ಹಿಂದಿಯದು, ನಮ್ಮ ಕಡೆಯ ಮಕ್ಕಳಿಗೆ ಸಲೀಸಾಗಿ ತಿಳಿಯುತ್ತದೆ.

ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೋ, ಪುಕ್ಕಟೆ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಆದರೆ ಅದು ಹೇಳಿದ ಮೇಲೆ ಮಕ್ಕಳು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಲಿ. ಕೂಗಿನ ರೆಕಾರ್ಡ್ ಹಾಕಿ ಹಕ್ಕಿ ಕರೆಯುವುದು ಮಾತ್ರ ಬೇಡ. ಮರಿ ಮಾಡುವ ಕಾಲದಲ್ಲಿ ಅದು ಗೂಡು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕಿ ಅಲೆಯುತ್ತದೆ. ಕಂಡದ್ದನ್ನು ಹಕ್ಕಿಪಟ್ಟಿ ಸೇರಿಸಿಡುವ ಜಾಲತಾಣ ಈಬರ್ಡ್‌ನಲ್ಲಿ ಬರೆಸು. ಇಂಥ ಪಟ್ಟಿಗಳನ್ನೇ ಒಟ್ಟುಗೂಡಿಸಿ 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯ ವರದಿ ಮಾಡಿದರು. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ಅದರಲ್ಲಿದೆ. ದಸರೆಯಲ್ಲಿ ಕಂಡರೆ ಶುಭ ಅನ್ನುವ ಹಕ್ಕಿ ಅದು. ನಮ್ಮ ತೊಗರಿ ಹೊಲಗಳ ಕರೆಂಟ್ ತಂತಿಯ ಮೇಲೆ ಎಷ್ಟು ಕೂತಿವೆ ಅಂತ ನಿನ್ನ ಮಕ್ಕಳು ಬರೆದಿಟ್ಟರೆ ಅದು ನಿಜವಾದ ಕೆಲಸ. ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಎಣಿಸಿದರೂ ಸಾಕು, ಶಾಲೆಯ ಅಂಗಳದಲ್ಲೇ ಆಗುತ್ತದೆ.

ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ: ಪ್ರತಿ ಮಗುವಿಗೂ ಜೇಬಿನಲ್ಲಿ ಹಿಡಿಯುವ ನೋಟ್‌ಬುಕ್, ಒಂದು ಪೆನ್ಸಿಲ್. ಪುಸ್ತಕ ತೆರೆಯುವ ಮುಂಚೆ ಕಂಡದ್ದನ್ನು ಬರೆಯಲಿ, ಕೊಕ್ಕಿನ ಆಕಾರ, ಕಾಲಿನ ಬಣ್ಣ, ಬಾಲ ಆಡಿಸುವ ರೀತಿ.

ದುರ್ಬೀನು ಆರ್ಡರ್ ಮಾಡುವ ಮುಂಚೆ ಮಾಡೆಲ್ ಹೆಸರು ನನಗೆ ಕಳಿಸು. ಈ ಭಾನುವಾರ ಮನೆಗೆ ಬಂದರೆ ನನ್ನದನ್ನೇ ತೆಗೆದುಕೊಂಡು ಹೋಗು, ಹೊಸದು ಬರುವ ತನಕ ಶಾಲೆಯಲ್ಲಿರಲಿ. ಸಲೀಂ ಅಲಿ ಪುಸ್ತಕಕ್ಕೆ ರಟ್ಟು ಹಾಕಿಸಲು ಕೊಟ್ಟಿದ್ದೇನೆ, ಶನಿವಾರ ಸಿಗುತ್ತದೆ.

ನಿನ್ನ ಅವ್ವ