ಸೀನಿನ ಮಾತ್ರೆ, ನಿದ್ದೆಯ ಮಾತ್ರೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಫೋನಿನಲ್ಲಿ ಈ ಮಾತು ತೆಗೆದಾಗಲೆಲ್ಲ ‘ಅಯ್ಯೋ ಅಮ್ಮ, ಅದು ಬರೀ ಅಲರ್ಜಿ ಮಾತ್ರೆ, ಚೀಟಿ ಇಲ್ಲದೆಯೇ ಕೊಡುತ್ತಾರೆ’ ಎಂದು ನೀನು ಬೇರೆ ವಿಷಯಕ್ಕೆ ಜಾರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರದಲ್ಲಾದರೆ ನನ್ನ ಮಾತನ್ನು ಮಧ್ಯದಲ್ಲೇ ತುಂಡರಿಸಲು ನಿನಗೆ ಆಗುವುದಿಲ್ಲ.

ಮೊನ್ನೆ ನಿನ್ನ ಜೊತೆಗಿದ್ದಾಗ ಗಮನಿಸಿದೆ. ದೀಪ ಆರಿಸುವ ಮೊದಲು ದಿಂಬಿನ ಕೆಳಗೆ ಕೈ ಹಾಕಿ ಸ್ಟ್ರಿಪ್ ಎಳೆದೆ, ಹೆಬ್ಬೆರಳಿನಿಂದ ಒಂದು ಮಾತ್ರೆ ಒತ್ತಿ ತೆಗೆದೆ. ಸ್ವಲ್ಪ ತಡೆದು ಇನ್ನೊಂದು. ಆ ದಿನವೆಲ್ಲ ನೀನು ಒಮ್ಮೆಯೂ ಸೀನಿರಲಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಎರಡನೆಯ ಮಾತ್ರೆ.

ನೀನು ನುಂಗುತ್ತಿರುವ ಡೈಫೆನ್‌ಹೈಡ್ರಮೈನ್ 1946ರಲ್ಲೇ ಅಮೆರಿಕದಲ್ಲಿ ಬಳಕೆಗೆ ಬಂದ ಔಷಧಿ. ಬಂದದ್ದು ಅಲರ್ಜಿಗೆಂದು. ಹಿಸ್ಟಮೈನ್ ಎಂಬ ವಸ್ತು ಮೂಗಿನಲ್ಲಿ ಸೀನು, ತುರಿಕೆ ಎಬ್ಬಿಸುತ್ತದೆ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಕೆಲಸವನ್ನೂ ಅದೇ ಮಾಡುತ್ತದೆ. ಹಳೆಯ ತಲೆಮಾರಿನ ಈ ಮಾತ್ರೆಗಳು ಮಿದುಳಿನೊಳಕ್ಕೂ ಸಲೀಸಾಗಿ ಹೋಗುವುದರಿಂದ ಸೀನಿನ ಜೊತೆಗೆ ಎಚ್ಚರವನ್ನೂ ಅಡಗಿಸುತ್ತವೆ. ಅಡ್ಡಪರಿಣಾಮವಾಗಿದ್ದ ಆ ಮಂಪರನ್ನೇ ಮುಂದೆ ಬೇರೆ ಪೊಟ್ಟಣಕ್ಕೆ ತುಂಬಿ ನಿದ್ದೆಯ ಮಾತ್ರೆಯೆಂದು ಮಾರತೊಡಗಿದರು. ವ್ಯಾಪಾರದ ಬುದ್ಧಿಯನ್ನು ಮೆಚ್ಚಲೇಬೇಕು!

ತೊಂದರೆಯೆಂದರೆ, ಮಿದುಳು ಇದಕ್ಕೆ ಬಹುಬೇಗ ಒಗ್ಗಿಕೊಳ್ಳುತ್ತದೆ. ದಿನವೂ ತೆಗೆದುಕೊಂಡವರಲ್ಲಿ ಮೂರು ನಾಲ್ಕು ದಿನಗಳಲ್ಲೇ ಮಂಪರು ಬಹುಪಾಲು ಇಳಿದುಹೋಗುವುದು ಪ್ರಯೋಗದಲ್ಲಿ ಕಂಡಿದೆ. ಒಂದರಿಂದ ಎರಡಕ್ಕೆ ನೀನು ಏರಿದ್ದು ಹೀಗೆಯೇ ಇರಬೇಕು. ‘ಹಾಗಾದರೆ ಬಿಟ್ಟ ರಾತ್ರಿ ನಿದ್ದೆಯೇ ಬರುವುದಿಲ್ಲವಲ್ಲ?’ ಎಂದು ಕೇಳುತ್ತೀಯ. ತಿಂಗಳುಗಟ್ಟಲೆ ನುಂಗಿದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಕೆಲವು ರಾತ್ರಿ ನಿದ್ದೆ ಕೆಡುವುದುಂಟು. ಆ ಕೆಟ್ಟ ರಾತ್ರಿಗಳನ್ನು ನೋಡಿಯೇ ‘ಮಾತ್ರೆ ಇಲ್ಲದೆ ನನಗೆ ಆಗುವುದಿಲ್ಲ’ ಎಂದು ನೀನು ತೀರ್ಮಾನಿಸಿಬಿಟ್ಟಿದ್ದೀಯ. ಔಷಧಿ ಬಿಡುವಾಗಿನ ರಗಳೆಯನ್ನು ನಿನ್ನ ನಿದ್ದೆಯ ಗುಣವೆಂದು ತಿಳಿಯಬೇಡ. ನಾನು ಇಷ್ಟುದ್ದ ಬರೆಯಲು ಕೂತದ್ದೇ ಈ ಒಂದು ಮಾತಿಗಾಗಿ.

ಬೆಳಗಿನ ಮಬ್ಬಿಗೂ ಇದೇ ಕಾರಣವಿರಬಹುದು. ವಯಸ್ಕರ ದೇಹದಲ್ಲಿ ಈ ಔಷಧಿ ಅರ್ಧಕ್ಕಿಳಿಯಲು ಸುಮಾರು 9 ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಎರಡು ನುಂಗಿದರೆ, ಬೆಳಿಗ್ಗೆ ಎಂಟಕ್ಕೆ ಗಾಡಿ ಹತ್ತುವಾಗ ಹೆಚ್ಚುಕಡಿಮೆ ಒಂದು ಮಾತ್ರೆಯಷ್ಟು ಇನ್ನೂ ನಿನ್ನೊಳಗಿರುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ನಾಲಿಗೆಯ ತುದಿಯಲ್ಲಿದ್ದ ಹೆಸರು ಹೊಳೆಯದಿರುವುದು ಇವನ್ನೆಲ್ಲ ನೀನು ಕೆಲಸದ ಒತ್ತಡದ ಲೆಕ್ಕಕ್ಕೆ ಬರೆದಿದ್ದೀಯ. ಒತ್ತಡದ ಪಾಲೂ ಇದ್ದೀತು. ಆದರೆ ಈ ಮಾತ್ರೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತದೆ; ಈ ಮೂರೂ ಅದರಿಂದ ಆಗುವಂಥವೇ. ಎರಡು ಮೂರಾಗಲು ಮಾತ್ರ ಬಿಡಬೇಡ: ಪ್ರಮಾಣ ತೀರಾ ಮೀರಿದರೆ ಹೃದಯದ ಬಡಿತ ಲಯ ತಪ್ಪಬಹುದು, ಫಿಟ್ಸ್ ಬರಬಹುದು. ಕೆಲವು ಕೆಮ್ಮು ನೆಗಡಿಯ ಸಿರಪ್‌ಗಳಲ್ಲೂ ಇದೇ ಔಷಧಿ ಇರುತ್ತದೆ, ಲೇಬಲ್ ಓದು.

ಇನ್ನು ಆ ಮೂಗಿನ ಸ್ಪ್ರೇ. ನಿಜವಾಗಿ ನನಗೆ ಸಿಟ್ಟಿರುವುದು ಅದರ ಮೇಲೆ. ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಇರುವ ಸ್ಪ್ರೇಗಳು ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲಿ ಉಸಿರಿಗೆ ದಾರಿ ಮಾಡಿಕೊಡುತ್ತವೆ. ಮೂರರಿಂದ ಐದು ದಿನ, ಅಷ್ಟೇ ಅದರ ಮಿತಿ. ಮುಂದುವರಿಸಿದರೆ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚಾಗಿ ಉಬ್ಬುತ್ತವೆ, ಮೂಗು ಕಟ್ಟುತ್ತದೆ, ಮತ್ತೆ ಸ್ಪ್ರೇ. ಬಡ್ಡಿ ಕಟ್ಟಲು ಅದೇ ಸಾಹುಕಾರನ ಹತ್ತಿರ ಸಾಲ ಎತ್ತಿದ ಹಾಗೆ. ನಿನ್ನ ಚೀಲದಲ್ಲೊಂದು, ಕಚೇರಿಯ ಮೇಜಿನ ಖಾನೆಯಲ್ಲೊಂದು, ಹಾಸಿಗೆಯ ಪಕ್ಕದಲ್ಲೊಂದು ಬಾಟಲಿ ಇದೆ. ನಡುರಾತ್ರಿ ಮೂಗು ಕಟ್ಟಿ ಎಚ್ಚರವಾಗುತ್ತದೆ, ಎಚ್ಚರವಾಯಿತೆಂದು ಮಾತ್ರೆ ನುಂಗುತ್ತೀಯ. ಅಲರ್ಜಿ ಎಲ್ಲಿ ಮುಗಿದು ಔಷಧಿಯ ಕಾಟ ಎಲ್ಲಿ ಶುರುವಾಯಿತೆಂದು ಹೇಳುವವರು ಯಾರು?

ಆದ್ದರಿಂದ ಮೊದಲು ಸೀನನ್ನೂ ನಿದ್ದೆಯನ್ನೂ ಬೇರೆ ಬೇರೆ ಮಾಡು. ಅಲರ್ಜಿ ನಿಜವಾಗಿಯೂ ಇದ್ದರೆ ಅದಕ್ಕೆ ಫ್ಲೂಟಿಕಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇಗಳಿವೆ. ಪೂರ್ಣ ಗುಣ ಕಾಣಲು ಕೆಲವು ದಿನ ಬೇಕು, ಆದರೆ ಬಿಟ್ಟಾಗ ಮೂಗು ಹೀಗೆ ತಿರುಗಿಬೀಳುವುದಿಲ್ಲ. ಕಡಿಮೆ ಮಂಪರಿನ ಸೆಟಿರಿಜಿನ್ ಕೂಡ ಇದೆ. ಅದನ್ನೂ ವರ್ಷಗಟ್ಟಲೆ ಕಣ್ಣುಮುಚ್ಚಿ ನುಂಗುವಂತಿಲ್ಲ: ದೀರ್ಘಕಾಲ ತೆಗೆದುಕೊಂಡು ನಿಲ್ಲಿಸಿದ ಕೆಲವರಲ್ಲಿ, ಅಪರೂಪಕ್ಕೆ, ಮೈಯೆಲ್ಲ ತೀವ್ರ ತುರಿಕೆ ಬರುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಹಾಗೆ ತುರಿಕೆ ಬಂದವರು ಅಲರ್ಜಿ ಮರುಕಳಿಸಿತೆಂದುಕೊಂಡು ಮತ್ತೆ ಮಾತ್ರೆಗೇ ಹೋದರೆ ಆಶ್ಚರ್ಯವೇನು?

ನಿದ್ದೆಯ ವಿಷಯಕ್ಕೆ ಬಂದರೆ, ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯೇ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲೇ ಸಿಬಿಟಿ-ಐ ಎಂಬ ಮಾತು ಮತ್ತು ಅಭ್ಯಾಸದ ಚಿಕಿತ್ಸೆಯನ್ನು ಮೊದಲ ಸ್ಥಾನದಲ್ಲಿಟ್ಟಿತು. ಮರುವರ್ಷ ಅಲ್ಲಿನ ನಿದ್ರಾ ತಜ್ಞರ ಅಕಾಡೆಮಿ, ನಿದ್ರಾಹೀನತೆಗೆ ಡೈಫೆನ್‌ಹೈಡ್ರಮೈನ್ ಬಳಸಬೇಡಿ ಎಂದು ಸಲಹೆ ಕೊಟ್ಟಿತು. ಸಿಬಿಟಿ-ಐ ಚಿಕಿತ್ಸೆಯಲ್ಲಿ ಮಾಡಿಸುವುದು ಸರಳ, ಆದರೆ ಕಷ್ಟ: ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರುವುದು, ನಿದ್ದೆ ಬಂದಾಗಲೇ ಮತ್ತೆ ಮಲಗುವುದು, ಹಾಸಿಗೆಯಲ್ಲಿ ಕಳೆಯುವ ಗಂಟೆಗಳನ್ನೇ ಕಡಿಮೆ ಮಾಡುವುದು. ಮೊದಲ ವಾರಗಳಲ್ಲಿ ಇನ್ನೂ ಸುಸ್ತಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾಳೆಯೇ ಎಲ್ಲವನ್ನೂ ಕಸದ ಬುಟ್ಟಿಗೆ ಎಸೆದು ಶೌರ್ಯ ತೋರಿಸಬೇಡ. ವೈದ್ಯರ ಬಳಿ ಹೋಗುವಾಗ ಸ್ಟ್ರಿಪ್, ಬಾಟಲಿ, ಸಿರಪ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ‘ಆಗೊಮ್ಮೆ ಈಗೊಮ್ಮೆ’ ಎನ್ನದೆ ಎಷ್ಟು, ಎಂದಿನಿಂದ ಎಂದು ಸರಿಯಾಗಿ ಹೇಳು. ಹೇಗೆ ಇಳಿಸಬೇಕು, ಯಾವುದನ್ನು ಮೊದಲು ಬಿಡಬೇಕು ಎಂಬುದನ್ನು ಅವರು ತಿಳಿಸಲಿ. ಸ್ಪ್ರೇ ಬಿಡುವ ವಾರ ಯಾವುದೆಂದು ನನಗೂ ಮೊದಲೇ ತಿಳಿಸು. ಮೂಗು ಕಟ್ಟಿದಾಗ ನೀನು ಹೇಗೆ ರೇಗುತ್ತೀಯೆಂದು ಚಿಕ್ಕಂದಿನಿಂದ ಬಲ್ಲೆ, ಆ ವಾರ ನಿನ್ನ ಜೊತೆ ಯಾವ ವಾದಕ್ಕೂ ಇಳಿಯುವುದಿಲ್ಲ.

ನಿನ್ನ
ಅಮ್ಮ