ಭಾನುವಾರದ ಚರ್ಚೆಗೆ ಮುನ್ನ: ನ್ಯೂಟ್ರಿನೊಗಳ ದ್ರವ್ಯರಾಶಿ ಕುರಿತು

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ.

ನಿನ್ನೆ ಇಲ್ಲಿ ಹಂಚಿಕೊಂಡ ಟಿಪ್ಪಣಿಯಲ್ಲಿ ನ್ಯೂಟ್ರಿನೊಗಳಿಗೆ (ವಿದ್ಯುದಾವೇಶವಿಲ್ಲದ, ವಸ್ತುವಿನೊಳಗೆ ಬಹುಮಟ್ಟಿಗೆ ತಡೆಯಿಲ್ಲದೆ ಹಾದುಹೋಗುವ ಅತಿಸೂಕ್ಷ್ಮ ಕಣಗಳಿಗೆ) ದ್ರವ್ಯರಾಶಿಯೇ ಇಲ್ಲವೆಂದಿತ್ತು. ಹಳೆಯ ಪಠ್ಯಗಳಲ್ಲಿ ಹಾಗೆ ಇರುವುದು ನಿಜವಾದರೂ 1998ರ ನಂತರ ಆ ಮಾತು ನಿಲ್ಲುವುದಿಲ್ಲ. ದಯವಿಟ್ಟು ಅದನ್ನು ಬೇರೆಯವರಿಗೆ ಕಳುಹಿಸಬೇಡಿ.

ಆ ವರ್ಷ ಜಪಾನಿನ ಸೂಪರ್-ಕಾಮಿಯೊಕಾಂಡೆ ಪ್ರಯೋಗದವರು, ಬೆಟ್ಟದಡಿ ಸುಮಾರು 1000 ಮೀಟರ್ ಆಳದಲ್ಲಿ 50,000 ಟನ್ ಶುದ್ಧ ನೀರು ತುಂಬಿದ ತೊಟ್ಟಿಯ ಒಳಗೋಡೆಗೆ ಕೂರಿಸಿದ, ಅರ್ಧ ಮೀಟರ್ ಅಗಲದ ಗಾಜಿನ ಬುರುಡೆಯಂಥ ಸಾವಿರಾರು ಬೆಳಕಿನ ಸಂವೇದಕಗಳ ನೆರವಿನಿಂದ, ನೆತ್ತಿಯ ಮೇಲಿನ ವಾತಾವರಣದಿಂದ ಇಳಿಯುವ ಮ್ಯೂಯಾನ್ ಎಂಬ ಬಗೆಯ ನ್ಯೂಟ್ರಿನೊಗಳಿಗೆ ಹೋಲಿಸಿದರೆ ಭೂಮಿಯನ್ನು ಹಾದು ಕೆಳಗಿನಿಂದ ಬರುವವು ಹೆಚ್ಚುಕಡಿಮೆ ಅರ್ಧದಷ್ಟೇ ಎಂದು ತೋರಿಸಿದರು. ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯೂಯಾನ್, ಟೌ ಎಂಬ ಮೂರು ಬಗೆಗಳಿವೆ; ಉಳಿದವು ದಾರಿಯಲ್ಲಿ ಬಗೆ ಬದಲಿಸಿದ್ದವು. ಪ್ರತಿಯೊಂದು ಬಗೆಯೂ ಬೇರೆ ಬೇರೆ ದ್ರವ್ಯರಾಶಿಯ ಮೂರು ಸ್ಥಿತಿಗಳ ಮಿಶ್ರಣವಾದ್ದರಿಂದ, ಸಾಗುತ್ತಾ ಆ ಸ್ಥಿತಿಗಳ ಅಲೆಗಳ ಲಯ ಪರಸ್ಪರ ತಪ್ಪಿ, ಬಗೆ ಬದಲಾಗುತ್ತದೆ. ಮೂರರ ದ್ರವ್ಯರಾಶಿಯೂ ಸೊನ್ನೆಯಾಗಿದ್ದರೆ ಲಯ ತಪ್ಪುವ ಪ್ರಶ್ನೆಯೇ ಇರುತ್ತಿರಲಿಲ್ಲ. ಗಮನಿಸಿ, ಆಂದೋಲನ ಎಂದು ಕರೆಯುವ ಈ ಬಗೆ ಬದಲಾವಣೆಯಿಂದ ತಿಳಿಯುವುದು ದ್ರವ್ಯರಾಶಿಗಳ ವರ್ಗಗಳ (ಸ್ಕ್ವೇರ್‌ಗಳ) ನಡುವಿನ ವ್ಯತ್ಯಾಸ ಮಾತ್ರ, ದ್ರವ್ಯರಾಶಿಯಲ್ಲ. ಚರ್ಚೆಯಲ್ಲಿ ಹೆಚ್ಚು ಎಡವುವುದು ಇಲ್ಲಿಯೇ.

ಸೂರ್ಯನ ನ್ಯೂಟ್ರಿನೊಗಳ ವಿಷಯದಲ್ಲಿ ಈ ಬಗೆ ಬದಲಾವಣೆಯನ್ನು ಕೆನಡಾದ ಸಡ್ಬರಿ ನ್ಯೂಟ್ರಿನೊ ವೀಕ್ಷಣಾಲಯ ಖಚಿತಪಡಿಸಿತು. ಈ ಶೋಧಕ್ಕೆ 2015ರ ಭೌತಶಾಸ್ತ್ರದ ನೊಬೆಲ್ ಸೂಪರ್-ಕಾಮಿಯೊಕಾಂಡೆಯ ತಕಾಕಿ ಕಾಜಿತ ಮತ್ತು ಸಡ್ಬರಿಯ ಆರ್ಥರ್ ಮ್ಯಾಕ್‌ಡೊನಾಲ್ಡ್ ಅವರಿಗೆ ಸಂದಿತು.

ವಾತಾವರಣದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಮೊದಲು ಸಿಕ್ಕ ತಾಣಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು ಎಂಬುದು ನನಗೆ ಬಹಳ ಅಭಿಮಾನದ ಸಂಗತಿ. ಭಾನುವಾರ ಅಲ್ಲಿಂದಲೇ ಆರಂಭಿಸೋಣ; ಪ್ರಶ್ನೆಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ಬರೆದು ತಿಳಿಸಿ.