ಪ್ರವಾಸದ ಪುಟದಲ್ಲಿ ರಜೆಯ ದಿನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ನಿಟ್ಟುವಳ್ಳಿಯಲ್ಲಿ ಸಣ್ಣದೊಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿ 26 ವರ್ಷ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಮಿಲ್ಲಿನವರ ಬಾಯಲ್ಲಿ ಯಾವಾಗಲೂ ಬಾಂಬೆ ಸುದ್ದಿ. 1982ರಲ್ಲಿ ಅಲ್ಲಿನ ಗಿರಣಿಗಳಲ್ಲಿ ಮುಷ್ಕರ ಶುರುವಾದಾಗ ಇವರ ಪಾಳಿಯಲ್ಲೂ ಅದೇ ಮಾತಂತೆ. ‘ಒಂದ್ಸಲ ಆ ಊರು ನೋಡ್ಬೇಕು’ ಅಂತ ಅಪ್ಪ ಆಗಿನಿಂದ ಹೇಳುತ್ತಲೇ ಬಂದಿದ್ದರು. ಕಳೆದ ಫೆಬ್ರುವರಿಯಲ್ಲಿ ಅಪ್ಪ, ಅಮ್ಮ, ಮಗ ಮತ್ತು ನಾನು ಮುಂಬೈಗೆ ಹೋಗಿ ಬಂದೆವು.

ಎರಡು ವರ್ಷ ಡಬ್ಬಿಗೆ ಹಾಕಿ ಕೂಡಿಟ್ಟ 15,000 ರೂಪಾಯಿ ಕೈಯಲ್ಲಿತ್ತು. ಹಿರಿಯರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತ ಮೇಲೆ ಅಪ್ಪ-ಅಮ್ಮನಿಗೂ ಪೂರ್ತಿ ಟಿಕೆಟ್. ದಾದರ್ ಹತ್ತಿರ ಒಂದು ರೂಮಿಗೆ ರಾತ್ರಿಗೆ 2,600 ಕೇಳಿದರು. ಅದು ನಮ್ಮ ಮನೆಯ ಒಂದು ತಿಂಗಳ ದಿನಸಿಯ ದುಡ್ಡು. ಹಾಗಾಗಿ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ರೈಲಿನಲ್ಲೇ ಮಲಗಿದೆವು. ರೂಮು ಹಿಡಿದದ್ದು ಒಂದೇ ರಾತ್ರಿಗೆ. ವಾಪಸ್ ಬರುವ ದಿನ ಚೀಲಗಳನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡೋಣ ಅಂದರೆ, ಬೀಗ ಹಾಕದ ಚೀಲ ತೆಗೆದುಕೊಳ್ಳುವುದಿಲ್ಲ ಅಂದರು. ಹೊರಗೆ ಓಡಿ ಮೂರು ಸಣ್ಣ ಬೀಗ ಕೊಂಡು ತಂದೆ.

ಲೋಕಲ್ ರೈಲು ಮಾತ್ರ ಬಡವರ ಪಾಲಿನ ಪುಣ್ಯ. ದಾದರ್‌ನಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್) ಸೆಕೆಂಡ್ ಕ್ಲಾಸಿಗೆ 5 ರೂಪಾಯಿ. ಒಂದು, ಮೂರು, ಐದು ದಿನಕ್ಕೆ ಟೂರಿಸ್ಟ್ ಟಿಕೆಟ್ ಕೂಡ ಇದೆ ಅಂತ ನಮಗೆ ಗೊತ್ತಾಗಿದ್ದು ಊರಿಗೆ ಬಂದ ಮೇಲೆ. ವಯಸ್ಸಾದವರನ್ನು ಕರೆದುಕೊಂಡು ಬೆಳಗ್ಗೆ ಆಫೀಸ್ ಹೊತ್ತಿಗೆ ಹತ್ತಲೇಬೇಡಿ. ನಾವು 11 ಗಂಟೆ ಕಳೆದ ಮೇಲೆ ಹತ್ತಿದೆವು. ಅಮ್ಮನಿಗೆ ಕಿಟಕಿ ಪಕ್ಕ ಸೀಟೂ ಸಿಕ್ಕಿತು.

ನೋವಾಗಿದ್ದು ಎರಡನೇ ದಿನ. ಪ್ರವಾಸದ ಬಗ್ಗೆ ಒಂದು ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಸಮುದ್ರದ ನಡುವಿನ ದ್ವೀಪದಲ್ಲಿರುವ ಎಲಿಫೆಂಟಾ ಗುಹೆಗಳು, ಅಲ್ಲಿನ ತ್ರಿಮೂರ್ತಿ ಶಿಲ್ಪ, ದೋಣಿ ಪ್ರಯಾಣ, ಎಲ್ಲಾ ಚಂದಾಗಿ ಬರೆದಿದ್ದರು. ಅದನ್ನು ನಂಬಿ ದೋಣಿ ಹೊರಡುವ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಹೋದರೆ, ಸೋಮವಾರ ಗುಹೆಗಳಿಗೆ ರಜೆ! ರಾತ್ರಿ ನಮ್ಮ ರೈಲು. ಅಪ್ಪ ಏನೂ ಅನ್ನಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ನಿಂತಿದ್ದ ದೋಣಿಗಳನ್ನೇ ಬಹಳ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ.

ಸಂಜೆ ಮೆರೈನ್ ಡ್ರೈವ್‌ನ ಕಟ್ಟೆ ಮೇಲೆ ಕೂತೆವು. ಅಲ್ಲಿ ಕೂರೋದಕ್ಕೆ ದುಡ್ಡು ಕೊಡಬೇಕಿಲ್ಲ. ಅಮ್ಮ ಊರಿಂದ ತಂದ ಮಂಡಕ್ಕಿಗೆ ಈರುಳ್ಳಿ, ಶೇಂಗಾ, ಖಾರದ ಪುಡಿ ಹಾಕಿ ಪೇಪರ್ ಮೇಲೆ ಕಲಸಿದರು. ಪಕ್ಕದಲ್ಲಿದ್ದ ಮರಾಠಿ ಅಜ್ಜಿಗೂ ಅಪ್ಪ ಒಂದು ಹಿಡಿ ಕೊಟ್ಟರು. ‘ಭೇಳ್’ ಅಂದರು ಅಜ್ಜಿ. ‘ಮಂಡಕ್ಕಿ’ ಅಂದರು ಅಪ್ಪ. ಕತ್ತಲಾಗುವ ತನಕ ಅಪ್ಪ ಕಟ್ಟೆ ಬಿಟ್ಟು ಏಳಲಿಲ್ಲ.

ಸಂಪಾದಕರೇ, ನಿಮ್ಮ ಪುರವಣಿಯಲ್ಲಿ ಪ್ರವಾಸದ ಪುಟ ಬರುತ್ತದೆ, ಫೋಟೊಗಳೂ ಚೆನ್ನಾಗಿರುತ್ತವೆ. ದಯವಿಟ್ಟು ಅದರ ಕೆಳಗೆ ನಾಲ್ಕು ಸಾಲು ಜಾಗ ಕೊಡಿ. ಯಾವ ವಾರ ರಜೆ, ಟಿಕೆಟ್ ಎಷ್ಟು, ಮೆಟ್ಟಿಲು ಎಷ್ಟು, ಶೌಚಾಲಯ ಇದೆಯಾ, ಇಷ್ಟು ಸಾಕು. ಎಲಿಫೆಂಟಾದಲ್ಲಿ ನೂರಕ್ಕೂ ಜಾಸ್ತಿ ಮೆಟ್ಟಿಲು ಇವೆಯಂತೆ. ಅಮ್ಮನ ಮಂಡಿ ನೋವಿಗೆ ಅದು ಮೊದಲೇ ಗೊತ್ತಿರಬೇಕಲ್ವಾ? 15 ವರ್ಷದ ಒಳಗಿನ ಮಕ್ಕಳಿಗೆ ಅಲ್ಲಿ ಪ್ರವೇಶ ಉಚಿತ. ಅದೂ ಯಾರೂ ಬರೆದಿರಲಿಲ್ಲ. ನಮ್ಮ ಚಿತ್ರದುರ್ಗದ ಕೋಟೆ ಬಗ್ಗೆ ಬರೆಯುವಾಗಲೂ ಹೀಗೇ ಬರೆಯಿರಿ, ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಉಪಯೋಗವಾಗುತ್ತದೆ.

ಡಬ್ಬಿಗೆ ಮತ್ತೆ ದುಡ್ಡು ಹಾಕಲು ಶುರು ಮಾಡಿದ್ದೇವೆ. ಅಪ್ಪನಿಗೆ ಈಗ 74.

— ನಿಮ್ಮ ಓದುಗರಲ್ಲೊಬ್ಬಳು, ನಿಟ್ಟುವಳ್ಳಿ, ದಾವಣಗೆರೆ